ನಮಗೊಂದು ನ್ಯಾಯ, ನೆರೆಯವರಿಗೊಂದು ನ್ಯಾಯವೇ?

ಗ್ರಾಂಟ್ ರೋಡ್ ಸ್ಟೇಷನ್ನಿನಿಂದ ಪೂರ್ವಕ್ಕೆ ಇಳಿದು ಸ್ವಲ್ಪ ದೂರ ನಡೆದರೆ ಲ್ಯಾಮಿಂಗ್ಟನ್ ರೋಡ್ ಸಿಗುತ್ತದೆ. ಕಡತದಲ್ಲಿ ಅದು ಡಾ. ದಾದಾಸಾಹೇಬ್ ಭಡಕಮ್‌ಕರ್ ಮಾರ್ಗ. ಮುಂಬಯಿಯ ಹೌಸಿಂಗ್ ಸೊಸೈಟಿಯ ಗೇಟಿಗೆ ಹಾಕಿದ ಸಿಸಿಟಿವಿ ಕ್ಯಾಮೆರಾ, ಉಡುಪಿ ಹೋಟೆಲಿನ ಗಲ್ಲೆಯ ಹಿಂದಿರುವ ವೈಫೈ ರೌಟರ್, ಗಣೇಶೋತ್ಸವದ ಮಂಟಪಕ್ಕೆ ಸುತ್ತಿದ ಎಲ್‌ಇಡಿ ಪಟ್ಟಿ ಇಲ್ಲಿಂದಲೇ ಹೋಗಿರುವ ಸಂಭವ ಹೆಚ್ಚು. ಕಿರಿದಾದ ಅಂಗಡಿಗಳಲ್ಲಿ ಚಾರ್ಜರು, ಕೆಪಾಸಿಟರು, ಸರ್ಕ್ಯೂಟ್ ಬೋರ್ಡುಗಳ ಪೆಟ್ಟಿಗೆಗಳು ಮಾಡಿನವರೆಗೂ ಪೇರಿಸಿರುತ್ತವೆ. ಅವುಗಳಲ್ಲಿ ಬಹುಪಾಲು ‘ಚೈನಾ ಮಾಲ್’. ಭಾರತದ ಹೆಸರು ಅಂಟಿಸಿದ ಪೆಟ್ಟಿಗೆಯೊಳಗೂ ಬಿಡಿಭಾಗಗಳು ಅಲ್ಲಿಯವೇ. 2020ರ ಜೂನ್ 15ರಂದು ಗಾಲ್ವಾನ್ ಕಣಿವೆಯಲ್ಲಿ ನಮ್ಮ 20 ಯೋಧರು ಪ್ರಾಣ ಕೊಟ್ಟರು. ಎರಡು ವಾರದೊಳಗೆ ಸರ್ಕಾರ 59 ಚೀನೀ ಆ್ಯಪ್‌ಗಳನ್ನು ನಿಷೇಧಿಸಿತು, ಚೀನಾ ಸರಕನ್ನು ಬಹಿಷ್ಕರಿಸಿ ಎಂಬ ಕೂಗು ದೇಶವೆಲ್ಲ ಎದ್ದಿತು. ಗಾಲ್ವಾನ್‌ಗೆ ಮೊದಲಿನ 2019-20ರಲ್ಲಿ ಚೀನಾದಿಂದ ನಮ್ಮ ಆಮದು ಸುಮಾರು 6,500 ಕೋಟಿ ಡಾಲರ್. 2024-25ರಲ್ಲಿ ಅದು 11,300 ಕೋಟಿ ಡಾಲರ್ ದಾಟಿತು. ಅಂದರೆ ರಕ್ತ ಹರಿದ ಮೇಲೂ ವ್ಯಾಪಾರ ಕುಗ್ಗಲಿಲ್ಲ, ಬೆಳೆಯಿತು.

ಅದೇ ಸ್ಟೇಷನ್ನಿನಿಂದ ದಕ್ಷಿಣಕ್ಕೆ ನಡೆದರೆ ಆಪೆರಾ ಹೌಸ್. ವಜ್ರದ ದೊಡ್ಡ ವಹಿವಾಟು ಬಾಂದ್ರಾ-ಕುರ್ಲಾ ಸಂಕೀರ್ಣಕ್ಕೆ ಹೋಗಿ ಒಂದೂವರೆ ದಶಕವಾಯಿತು. ಆದರೂ ಆ ಕಸುಬು ಮುಂಬಯಿಯಲ್ಲಿ ಬೇರು ಬಿಟ್ಟದ್ದು ಇಲ್ಲಿನ ಪಂಚರತ್ನ, ಪ್ರಸಾದ್ ಚೇಂಬರ್ಸ್ ಕಟ್ಟಡಗಳಲ್ಲಿ. ಆ ಕಸುಬಿಗೆ ಬೇಕಾದ ಕಚ್ಚಾ ವಜ್ರದಲ್ಲಿ ಒಂದು ಭಾಗ ರಷ್ಯಾದ ಗಣಿಗಳದ್ದು, ಅದನ್ನು ಸಾಣೆ ಹಿಡಿಯುವುದು ಸೂರತ್‌ನಲ್ಲಿ, ಸಿದ್ಧ ವಜ್ರದ ಅತಿ ದೊಡ್ಡ ಗಿರಾಕಿ ಅಮೆರಿಕ. ರಷ್ಯಾದ ವಜ್ರಕ್ಕೆ 2024ರ ಜನವರಿಯಿಂದ ಜಿ-7 ದೇಶಗಳು ನಿರ್ಬಂಧ ಹೇರಿದಾಗ ಇಲ್ಲಿನ ವ್ಯಾಪಾರಿಗಳು ಎರಡು ಕಡೆಯ ನಡುವೆ ಸಿಕ್ಕಿಕೊಂಡರು. ಕಚ್ಚಾ ತೈಲದ ಕಥೆಯೂ ಹೀಗೆಯೇ. ಉಕ್ರೇನ್ ಯುದ್ಧಕ್ಕೆ ಮೊದಲು ನಮ್ಮ ತೈಲ ಆಮದಿನಲ್ಲಿ ರಷ್ಯಾದ ಪಾಲು ನೂರಕ್ಕೆ ಎರಡೂ ಇರಲಿಲ್ಲ. ಎರಡೇ ವರ್ಷದಲ್ಲಿ ಅದು ಮೂರನೇ ಒಂದು ಭಾಗವನ್ನು ಮೀರಿತು. ಇದೇ ಕಾರಣ ಮುಂದೊಡ್ಡಿ ಅಮೆರಿಕ 2025ರ ಆಗಸ್ಟ್ 27ರಿಂದ ನಮ್ಮ ಸರಕಿನ ಮೇಲಿನ ಸುಂಕವನ್ನು ಶೇ 50ಕ್ಕೆ ಏರಿಸಿತು. ನಾಲ್ಕು ದಿನ ಕಳೆಯುವಷ್ಟರಲ್ಲಿ ನಮ್ಮ ಪ್ರಧಾನಿ ಚೀನಾದ ತಿಯಾಂಜಿನ್‌ನಲ್ಲಿದ್ದರು.

ಇದನ್ನು ನಾವು ವ್ಯೂಹಾತ್ಮಕ ಸ್ವಾಯತ್ತತೆ ಎನ್ನುತ್ತೇವೆ. ಯಾರ ಬಣಕ್ಕೂ ಸೇರದೆ, ಯಾರಿಂದ ಏನು ಬೇಕೋ ಅದನ್ನು ಪಡೆದು, ಯಾರ ಮುಂದೆಯೂ ತಲೆ ಬಾಗದೆ ನಡೆಯುವುದು. ಈ ನೀತಿ ಸರಿಯಾದದ್ದು ಎಂದೇ ನನ್ನ ನಂಬಿಕೆ. 140 ಕೋಟಿ ಜನರ ಹೊಟ್ಟೆಪಾಡು, ಇಂಧನ, ಗಡಿ ಎಲ್ಲವನ್ನೂ ಯಾರೋ ಒಬ್ಬರ ಕೈಗೆ ಒಪ್ಪಿಸಿ ಕುಳಿತುಕೊಳ್ಳಲು ಆಗುವುದಿಲ್ಲ. ಆದರೆ ಇದೇ ಕೆಲಸವನ್ನು ನೇಪಾಳ, ಶ್ರೀಲಂಕಾ, ಮಾಲ್ದೀವ್ಸ್ ಅಥವಾ ಬಾಂಗ್ಲಾದೇಶ ಮಾಡಿದ ಕೂಡಲೇ ನಮ್ಮ ಟಿವಿ ಪರದೆಗಳ ಮೇಲೆ ಬೇರೆಯೇ ಮಾತು ಮೂಡುತ್ತದೆ. ಅವರು ಚೀನಾಕ್ಕೆ ಮಾರಿಕೊಂಡವರು, ಉಂಡ ಮನೆಗೆ ದ್ರೋಹ ಬಗೆದವರು, ಪಾಠ ಕಲಿಸಬೇಕಾದವರು. ನಮಗೆ ಹಕ್ಕಾದದ್ದು ಅವರಿಗೆ ಅಪರಾಧ ಹೇಗಾಗುತ್ತದೆ? ಇದು ಬರೀ ನೀತಿಯ ಪ್ರಶ್ನೆಯಲ್ಲ. ನೆರೆಯವರ ಈ ಹಕ್ಕನ್ನು ಒಪ್ಪಿಕೊಂಡಾಗಲೆಲ್ಲ ಭಾರತಕ್ಕೆ ಲಾಭವಾಗಿದೆ, ಒಪ್ಪದೆ ಬಿಗಿಹಿಡಿದಾಗ ನಷ್ಟವಾಗಿದೆ. ಕಳೆದ ಹತ್ತು ವರ್ಷಗಳ ದಾಖಲೆ ತೆಗೆದು ನೋಡಿದರೆ ಇದು ಸ್ಪಷ್ಟವಾಗುತ್ತದೆ.

ನಷ್ಟದ ಉದಾಹರಣೆ ನೇಪಾಳ. 2015ರ ಏಪ್ರಿಲ್‌ನಲ್ಲಿ ಭೂಕಂಪವಾಗಿ ಸುಮಾರು 9,000 ಜನ ಸತ್ತಾಗ ಭಾರತದ ವಿಮಾನಗಳು ಕೆಲವೇ ಗಂಟೆಗಳಲ್ಲಿ ಕಠ್ಮಂಡುವಿನಲ್ಲಿದ್ದವು. ಅಂಥ ನೆರವಿನ ಕೃತಜ್ಞತೆ ಒಂದು ತಲೆಮಾರು ಉಳಿಯಬೇಕಿತ್ತು, ಐದು ತಿಂಗಳೂ ಉಳಿಯಲಿಲ್ಲ. ಸೆಪ್ಟೆಂಬರ್ 20ರಂದು ನೇಪಾಳ ತನ್ನ ಹೊಸ ಸಂವಿಧಾನವನ್ನು ಜಾರಿಗೆ ತಂದಿತು. ತರಾಯಿ ಪ್ರದೇಶದ ಮಧೇಸಿ ಜನರಿಗೆ ಅದರಲ್ಲಿ ಅನ್ಯಾಯವಾಗಿದೆ ಎಂದು ಭಾರತ ಅಸಮಾಧಾನ ತೋರಿಸಿತು. ಆ ದೂರಿನಲ್ಲಿ ಹುರುಳೂ ಇತ್ತು. ಆದರೆ ಅದರ ಬೆನ್ನಿಗೇ ಗಡಿಯಲ್ಲಿ ಲಾರಿಗಳು ನಿಂತವು. ಇದು ಮಧೇಸಿಗಳ ಪ್ರತಿಭಟನೆಯ ಪರಿಣಾಮ, ದಿಗ್ಬಂಧನವಲ್ಲ ಎಂದು ದೆಹಲಿ ಹೇಳುತ್ತಲೇ ಇತ್ತು. ನೇಪಾಳದಲ್ಲಿ ಆ ಮಾತನ್ನು ನಂಬಿದವರು ಕಡಿಮೆ. ಪೆಟ್ರೋಲು, ಅಡುಗೆ ಅನಿಲ, ಔಷಧಿ ಸಿಗದೆ, ಭೂಕಂಪದಲ್ಲಿ ಮನೆ ಕಳೆದುಕೊಂಡವರು ಆ ಚಳಿಗಾಲವನ್ನು ಸೌದೆ ಉರಿಸಿ ಕಳೆದರು. 2016ರ ಫೆಬ್ರವರಿಯಲ್ಲಿ ಲಾರಿಗಳು ಓಡತೊಡಗಿದವು. ಮಾರ್ಚ್‌ನಲ್ಲಿ ಪ್ರಧಾನಿ ಕೆ.ಪಿ. ಶರ್ಮಾ ಓಲಿ ಬೀಜಿಂಗ್‌ಗೆ ಹೋಗಿ ಸಾಗಣೆ ಒಪ್ಪಂದಕ್ಕೆ ಸಹಿ ಹಾಕಿದರು. ಮರುವರ್ಷ ನೇಪಾಳ ಚೀನಾದ ಬೆಲ್ಟ್ ಆ್ಯಂಡ್ ರೋಡ್ ಯೋಜನೆಯನ್ನು ಸೇರಿತು. ಹಿಮಾಲಯ ದಾಟಿ ಸಾವಿರಾರು ಕಿಲೋಮೀಟರ್ ದೂರದ ಚೀನೀ ಬಂದರುಗಳ ಮೂಲಕ ವ್ಯಾಪಾರ ಮಾಡುವುದು ಕಷ್ಟ ಎಂಬುದು ನೇಪಾಳಿಗಳಿಗೆ ಗೊತ್ತಿಲ್ಲದ ಸಂಗತಿಯಲ್ಲ. ಅವರ ಹೊರದೇಶದ ವ್ಯಾಪಾರದಲ್ಲಿ ಸುಮಾರು ಮೂರನೇ ಎರಡು ಪಾಲು ಇಂದಿಗೂ ನಮ್ಮೊಂದಿಗೇ. ಆದರೂ ಅವರಿಗೆ ಇನ್ನೊಂದು ಬಾಗಿಲು ಬೇಕು ಅನ್ನಿಸುವಂತೆ ಮಾಡಿದ್ದು ಬೀಜಿಂಗ್ ಅಲ್ಲ.

ಹಾಗೆಂದು ನೇಪಾಳ ಚೀನಾದ ಮಡಿಲಿಗೆ ಬಿದ್ದಿತೇ? ಇಲ್ಲಿಯೇ ನಮ್ಮ ಚರ್ಚೆಗಳು ಎಡವುತ್ತವೆ. 2017ರಲ್ಲೇ ನೇಪಾಳ ಅಮೆರಿಕದ ಮಿಲೇನಿಯಂ ಚಾಲೆಂಜ್ ಕಾರ್ಪೊರೇಷನ್ ಜೊತೆ 50 ಕೋಟಿ ಡಾಲರ್ ಅನುದಾನದ ಒಪ್ಪಂದ ಮಾಡಿಕೊಂಡಿತ್ತು. ಅದನ್ನು ಒಪ್ಪಬಾರದೆಂದು ಬೀದಿಯಲ್ಲಿ ಕಲ್ಲು ತೂರಾಟವಾಯಿತು, ಚೀನಾ ಬಹಿರಂಗವಾಗಿ ಮುಖ ಸಿಂಡರಿಸಿತು. 2022ರ ಫೆಬ್ರವರಿಯಲ್ಲಿ ಸಂಸತ್ತು ಅದಕ್ಕೆ ಒಪ್ಪಿಗೆ ಕೊಟ್ಟಿತು. ಇದು ಯಾವ ಸೈನಿಕ ಕೂಟದ ಭಾಗವೂ ಅಲ್ಲ ಎಂಬ ವಿವರಣೆಯನ್ನೂ ಜೊತೆಗೆ ಅಂಗೀಕರಿಸಿತು. ನಾಲ್ಕು ತಿಂಗಳ ನಂತರ ಅದೇ ಅಮೆರಿಕದ ಸೈನಿಕ ಸಹಭಾಗಿತ್ವದ ಕಾರ್ಯಕ್ರಮವನ್ನು ಬೇಡವೆಂದಿತು. 2024ರ ಡಿಸೆಂಬರ್‌ನಲ್ಲಿ ಬೀಜಿಂಗ್‌ನಲ್ಲಿ ಬೆಲ್ಟ್ ಆ್ಯಂಡ್ ರೋಡ್ ಚೌಕಟ್ಟಿಗೆ ಸಹಿ ಹಾಕುವಾಗಲೂ ಸಾಲ ಬೇಡ, ಅನುದಾನ ಕೊಡಿ ಎಂದು ಪಟ್ಟು ಹಿಡಿದದ್ದು ಕಠ್ಮಂಡುವಿನಿಂದ ಹೋದವರೇ. ಯಾರಿಂದ ಹಣ ಪಡೆಯಬೇಕು, ಯಾರ ಸೈನ್ಯವನ್ನು ಹತ್ತಿರ ಬಿಟ್ಟುಕೊಳ್ಳಬಾರದು ಎಂಬ ಲೆಕ್ಕ ಅವರಲ್ಲಿದೆ. ಎರಡು ಬಂಡೆಗಳ ನಡುವಿನ ಗೆಣಸು ತಮ್ಮ ದೇಶ ಎಂದು ಪೃಥ್ವಿನಾರಾಯಣ ಶಾಹ 18ನೇ ಶತಮಾನದಲ್ಲೇ ಹೇಳಿದನೆಂಬುದು ಅಲ್ಲಿ ಮನೆಮಾತು. ಅಂಥ ದೇಶಕ್ಕೆ ಈ ಲೆಕ್ಕ ಹೊಸದಲ್ಲ.

ಲಾಭದ ಉದಾಹರಣೆ ಮಾಲ್ದೀವ್ಸ್. ಮೊಹಮದ್ ಮುಯಿಝು 2023ರಲ್ಲಿ ಅಧ್ಯಕ್ಷರಾದದ್ದೇ ‘ಭಾರತ ಹೊರಗೆ’ ಎಂಬ ಘೋಷಣೆಯ ಬಲದಿಂದ. ಮೊದಲು ಟರ್ಕಿಗೆ ಹೋದರು, 2024ರ ಜನವರಿಯಲ್ಲಿ ಚೀನಾಕ್ಕೆ ಹೋದರು. ಅವರ ಮೂವರು ಉಪಸಚಿವರು ನಮ್ಮ ಪ್ರಧಾನಿಯ ಬಗ್ಗೆ ಕೀಳಾಗಿ ಬರೆದು ಅಮಾನತಾದರು. ಇಲ್ಲಿ ಸಾಮಾಜಿಕ ಜಾಲತಾಣಗಳು ಹೊತ್ತಿಕೊಂಡು ಉರಿದವು, ಬುಕಿಂಗ್‌ಗಳು ರದ್ದಾದವು. ಆ ಗದ್ದಲದ ನಡುವೆ ವಿದೇಶಾಂಗ ಇಲಾಖೆ ಮಾಡಿದ ಕೆಲಸ ಗಮನಿಸಬೇಕಾದದ್ದು. ಅಲ್ಲಿದ್ದ ಎಂಬತ್ತರ ಆಸುಪಾಸಿನ ನಮ್ಮ ಸೈನಿಕ ಸಿಬ್ಬಂದಿಯನ್ನು ಮೇ 10ರೊಳಗೆ ವಾಪಸು ಕರೆಸಿಕೊಂಡು, ಅವರ ಜಾಗದಲ್ಲಿ ನಾಗರಿಕ ತಂತ್ರಜ್ಞರನ್ನು ಕಳಿಸಿತು. ಹೆಲಿಕಾಪ್ಟರುಗಳು ಅಲ್ಲೇ ಉಳಿದವು, ರೋಗಿಗಳನ್ನು ದ್ವೀಪದಿಂದ ದ್ವೀಪಕ್ಕೆ ಸಾಗಿಸುವ ಕೆಲಸ ನಿಲ್ಲಲಿಲ್ಲ. ಅದೇ ವರ್ಷ ಮಾಲೆಯ ಬೊಕ್ಕಸ ಬರಿದಾಗತೊಡಗಿತು. ಸಾಲಪತ್ರದ ಅವಧಿಯನ್ನು ಭಾರತ ವಿಸ್ತರಿಸಿತು, ಅಕ್ಟೋಬರ್‌ನಲ್ಲಿ ಮುಯಿಝು ದೆಹಲಿಗೆ ಬಂದಾಗ 40 ಕೋಟಿ ಡಾಲರಿನ ಕರೆನ್ಸಿ ವಿನಿಮಯಕ್ಕೆ ಒಪ್ಪಿತು. 2025ರ ಜುಲೈನಲ್ಲಿ ಮಾಲ್ದೀವ್ಸ್ ತನ್ನ ಸ್ವಾತಂತ್ರ್ಯದ 60ನೇ ವರ್ಷ ಆಚರಿಸಿದಾಗ ಮುಖ್ಯ ಅತಿಥಿ ನರೇಂದ್ರ ಮೋದಿ. ಆಗ 4,850 ಕೋಟಿ ರೂಪಾಯಿಯ ಸಾಲದ ನೆರವು ಘೋಷಣೆಯಾಯಿತು. ಸೈನಿಕರನ್ನು ಕಳಿಸುವ ಹಕ್ಕು ಅವರದ್ದು ಎಂದು ಒಪ್ಪಿಕೊಂಡದ್ದರಿಂದಲೇ ಹದಿನೆಂಟು ತಿಂಗಳಲ್ಲಿ ಗಾಳಿ ತಿರುಗಿತು. ಜಾಲತಾಣದ ಬಹಿಷ್ಕಾರ ಸರ್ಕಾರದ ನೀತಿಯಾಗಿದ್ದರೆ ಮಾಲೆ ಹಣಕ್ಕಾಗಿ ಎಲ್ಲಿಗೆ ಹೋಗುತ್ತಿತ್ತು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಶ್ರೀಲಂಕಾದಲ್ಲೂ ಇದೇ ಪಾಠ. 1987ರ ಭಾರತ-ಶ್ರೀಲಂಕಾ ಒಪ್ಪಂದದ ವಿರುದ್ಧ ದಂಗೆ ಎದ್ದು, ಭಾರತದ ಸರಕನ್ನು ಕೊಳ್ಳಬೇಡಿ ಎಂದ ಪಕ್ಷ ಜನತಾ ವಿಮುಕ್ತಿ ಪೆರಮುನ. ಅದರ ನಾಯಕ ಅನುರ ಕುಮಾರ ದಿಸ್ಸನಾಯಕ ಗೆಲ್ಲುವ ಸೂಚನೆ ಕಂಡಾಗ ದೆಹಲಿ ಹಳೆಯ ಹಗೆ ಕೆದಕಲಿಲ್ಲ; ಚುನಾವಣೆಗೆ ಮೊದಲೇ, 2024ರ ಫೆಬ್ರವರಿಯಲ್ಲಿ, ಅವರನ್ನು ಕರೆಸಿ ಮಾತಾಡಿಸಿತು. 2022ರ ದಿವಾಳಿಯ ಕಾಲದಲ್ಲಿ ಸುಮಾರು 400 ಕೋಟಿ ಡಾಲರಿನ ನೆರವು ಕೊಟ್ಟು, ಐಎಂಎಫ್‌ಗೆ ಬೇಕಿದ್ದ ಭರವಸೆಯನ್ನು ಎಲ್ಲರಿಗಿಂತ ಮೊದಲು ಬರೆದುಕೊಟ್ಟದ್ದೂ ಭಾರತವೇ. ಅಧ್ಯಕ್ಷರಾದ ಮೇಲೆ ದಿಸ್ಸನಾಯಕ ಮೊದಲು ಬಂದದ್ದು ದೆಹಲಿಗೆ. ತಮ್ಮ ನೆಲವನ್ನು ಭಾರತದ ಭದ್ರತೆಗೆ ವಿರುದ್ಧವಾಗಿ ಬಳಸಲು ಬಿಡುವುದಿಲ್ಲ ಎಂದು ಹೇಳಿ ಹೋದರು. ಮರುತಿಂಗಳು ಬೀಜಿಂಗ್‌ಗೆ ಹೋಗಿ ಹಂಬನ್‌ತೋಟದಲ್ಲಿ 370 ಕೋಟಿ ಡಾಲರಿನ ತೈಲ ಸಂಸ್ಕರಣಾಗಾರಕ್ಕೆ ಒಪ್ಪಂದ ತಂದರು. ಏಪ್ರಿಲ್‌ನಲ್ಲಿ ಮೋದಿ ಕೊಲಂಬೊಗೆ ಹೋದಾಗ ರಕ್ಷಣಾ ಸಹಕಾರದ ಒಡಂಬಡಿಕೆಗೆ ಸಹಿ ಬಿತ್ತು. ಭದ್ರತೆಯ ಮಾತು ನಮ್ಮೊಂದಿಗೆ, ಬಂಡವಾಳದ ಮಾತು ಚೀನಾದೊಂದಿಗೆ. ರಷ್ಯಾದ ತೈಲ, ಅಮೆರಿಕದ ಗಿರಾಕಿ, ಚೀನಾದ ಬಿಡಿಭಾಗ ಎಂದು ಬಾಳುತ್ತಿರುವ ನಾವು ಇದಕ್ಕೆ ಹೆಸರಿಡುವುದು ಹೇಗೆ?

ಇದಕ್ಕೆ ಬರುವ ಮೊದಲ ಆಕ್ಷೇಪ ಭದ್ರತೆಯದು, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಗ್ರಾಂಟ್ ರೋಡಿನ ಪಶ್ಚಿಮಕ್ಕೆ ಹೋದರೆ ಗಿರ್ಗಾಂವ್ ಚೌಪಾಟಿ. ಸಮುದ್ರದ ಮೂಲಕ ಬಂದ ಉಗ್ರರಲ್ಲಿ ಜೀವಂತ ಸಿಕ್ಕಿಬಿದ್ದ ಒಬ್ಬನನ್ನು 2008ರ ನವೆಂಬರ್ 26ರ ಆ ರಾತ್ರಿ ಮುಂಬಯಿ ಪೊಲೀಸರು ಹಿಡಿದದ್ದು ಅಲ್ಲಿ, ಸಹಾಯಕ ಸಬ್ ಇನ್‌ಸ್ಪೆಕ್ಟರ್ ತುಕಾರಾಂ ಓಂಬ್ಳೆ ತಮ್ಮ ಜೀವ ಕೊಟ್ಟು. ಕಡಲಿನ ಕಾವಲು ಸಡಿಲವಾದರೆ ಏನಾಗುತ್ತದೆಂದು ಈ ಊರಿಗೆ ಯಾರೂ ಹೇಳಿಕೊಡಬೇಕಿಲ್ಲ. ಕನ್ನಡಿಗರಿಗೂ ಇದು ದೂರದ ಮಾತಲ್ಲ. ಕಾರವಾರದ ನೌಕಾನೆಲೆ ಇದೇ ಅರಬ್ಬೀ ಸಮುದ್ರದ ಅಂಚಿನಲ್ಲಿದೆ, ಕೈಗಾ ಅಣುಸ್ಥಾವರವೂ ಅಲ್ಲಿಂದ ಬಹಳ ದೂರವಿಲ್ಲ. ಚೀನಾದ ಜಲಾಂತರ್ಗಾಮಿ 2014ರಲ್ಲಿ ಎರಡು ಸಲ ಕೊಲಂಬೊದಲ್ಲಿ ತಂಗಿದ್ದು, ಉಪಗ್ರಹಗಳ ಜಾಡು ಹಿಡಿಯುವ ಯುವಾನ್ ವಾಂಗ್ 5 ಹಡಗು 2022ರ ಆಗಸ್ಟ್‌ನಲ್ಲಿ ಹಂಬನ್‌ತೋಟಕ್ಕೆ ಬಂದದ್ದು ಭಾರತ ಸುಮ್ಮನೆ ನೋಡುವಂಥ ಸಂಗತಿಗಳಲ್ಲ. ಪಾಕಿಸ್ತಾನದ ವಿಷಯವಂತೂ ಬೇರೆಯೇ; ಭಯೋತ್ಪಾದನೆಯನ್ನು ಸಾಧನವಾಗಿ ಬಳಸುವ ದೇಶದ ನಡೆಯನ್ನು ಸಣ್ಣ ದೇಶವೊಂದರ ಬದುಕುವ ಉಪಾಯ ಎಂದು ಯಾರೂ ಕರೆಯುವುದಿಲ್ಲ, ಈ ಬರಹದ ವಾದ ಅದಕ್ಕೆ ಅನ್ವಯಿಸುವುದೂ ಇಲ್ಲ.

ಆದರೆ ಭದ್ರತೆಯ ಗೆರೆಯನ್ನು ಎಲ್ಲಿ ಎಳೆಯಬೇಕು ಎಂಬುದರಲ್ಲೇ ಎಲ್ಲವೂ ಇದೆ. ಪರದೇಶದ ಸೈನಿಕ ನೆಲೆ, ಯುದ್ಧನೌಕೆ, ಜಲಾಂತರ್ಗಾಮಿ, ಬೇಹುಗಾರಿಕೆಯ ಹಡಗು ಇವು ಬರಕೂಡದು ಎಂದು ಭಾರತ ಖಚಿತವಾಗಿ ಹೇಳಬಹುದು, ಹೇಳಲೇಬೇಕು. ಅಷ್ಟು ಸ್ಪಷ್ಟವಾಗಿ ಹೇಳಿದ ಕಡೆ ಮಾತು ನಡೆದಿದೆ. 2017ರಲ್ಲಿ ಚೀನೀ ಜಲಾಂತರ್ಗಾಮಿಯ ಇನ್ನೊಂದು ಕೋರಿಕೆಯನ್ನು ಶ್ರೀಲಂಕಾ ತಿರಸ್ಕರಿಸಿತು. 2024ರ ಆರಂಭದಿಂದ ಒಂದು ವರ್ಷ ಎಲ್ಲ ವಿದೇಶಿ ಸಂಶೋಧನಾ ಹಡಗುಗಳಿಗೂ ಬಾಗಿಲು ಹಾಕಿತು. ಯಾವ ದೇಶದ ಹೆಸರನ್ನೂ ಹೇಳದೆ, ಯಾರನ್ನೂ ಅವಮಾನಿಸದೆ, ನಮ್ಮ ಆತಂಕವನ್ನೂ ನಿವಾರಿಸಿದ ಆ ತೀರ್ಮಾನ ಸಣ್ಣ ದೇಶದ ರಾಜತಾಂತ್ರಿಕ ಜಾಣ್ಮೆಗೆ ಒಳ್ಳೆಯ ಮಾದರಿ. ತೊಂದರೆ ಬರುವುದು ಆ ಗೆರೆಯನ್ನು ನಾವು ಹಿಗ್ಗಿಸುತ್ತ ಹೋದಾಗ. ರಸ್ತೆ, ಸೇತುವೆ, ವಿಮಾನ ನಿಲ್ದಾಣ, ಆಸ್ಪತ್ರೆ, ಒಬ್ಬ ಅಧ್ಯಕ್ಷರ ಮೊದಲ ಪ್ರವಾಸ ಯಾವ ದೇಶಕ್ಕೆ ಎಂಬುದು ಕೂಡ ಭದ್ರತೆಯ ಪ್ರಶ್ನೆಯಾಗಿಬಿಟ್ಟರೆ, ನಿಜವಾದ ಅಪಾಯದ ಬಗ್ಗೆ ಎಚ್ಚರಿಸಿದಾಗಲೂ ನೆರೆಯವರು ಅದನ್ನು ದೊಡ್ಡಣ್ಣನ ಗದರಿಕೆ ಎಂದೇ ಕೇಳಿಸಿಕೊಳ್ಳುತ್ತಾರೆ.

ಸಾಲದ ಬಲೆಯ ಮಾತು ಇನ್ನೊಂದು ಆಕ್ಷೇಪ. ಈ ದೇಶಗಳಿಗೆ ತಮ್ಮ ಹಿತ ತಿಳಿಯದು, ಚೀನಾ ಸಾಲ ಕೊಟ್ಟು ಬಂದರು ಕಿತ್ತುಕೊಳ್ಳುತ್ತದೆ, ಆದ್ದರಿಂದ ನಾವೇ ತಡೆಯಬೇಕು ಎನ್ನುವವರಿದ್ದಾರೆ. ಹಂಬನ್‌ತೋಟ ಬಂದರನ್ನು 2017ರಲ್ಲಿ 99 ವರ್ಷಕ್ಕೆ ಚೀನೀ ಕಂಪನಿಗೆ ಗುತ್ತಿಗೆ ಕೊಟ್ಟದ್ದು ನಿಜ, ಅದು ಕೆಟ್ಟ ಯೋಜನೆಯಾಗಿದ್ದೂ ನಿಜ. ಆದರೆ ಗುತ್ತಿಗೆಯಿಂದ ಬಂದ 112 ಕೋಟಿ ಡಾಲರ್ ಹೋದದ್ದು ಬಂದರಿನ ಸಾಲ ತೀರಿಸಲಿಕ್ಕಲ್ಲ, ಕರಗುತ್ತಿದ್ದ ವಿದೇಶಿ ವಿನಿಮಯದ ಸಂಗ್ರಹಕ್ಕೆ. ಶ್ರೀಲಂಕಾ ದಿವಾಳಿಯಾದಾಗ ಅದರ ಹೊರಸಾಲದಲ್ಲಿ ಚೀನಾದ ಪಾಲು, ಎಣಿಸುವ ರೀತಿಗೆ ತಕ್ಕಂತೆ, ಹತ್ತನೇ ಒಂದರಿಂದ ಐದನೇ ಒಂದರಷ್ಟು. ಅದಕ್ಕಿಂತ ದೊಡ್ಡ ಹೊರೆ ಅಂತಾರಾಷ್ಟ್ರೀಯ ಮಾರುಕಟ್ಟೆಯಲ್ಲಿ ಹೆಚ್ಚಿನ ಬಡ್ಡಿಗೆ ಎತ್ತಿದ ಬಾಂಡುಗಳದ್ದು. 2019ರ ಕೊನೆಯ ತೆರಿಗೆ ಕಡಿತ, ಕೋವಿಡ್‌ನಿಂದ ನಿಂತ ಪ್ರವಾಸೋದ್ಯಮ, 2021ರಲ್ಲಿ ರಾತ್ರೋರಾತ್ರಿ ರಸಗೊಬ್ಬರ ನಿಷೇಧಿಸಿದ ಹುಚ್ಚು ತೀರ್ಮಾನ ಇವೆಲ್ಲ ಸೇರಿ ದೇಶ ಕುಸಿಯಿತು. ತಪ್ಪು ಮಾಡಿದ್ದು ಕೊಲಂಬೊದ ಆಳುವವರು, ಅವರನ್ನು ಇಳಿಸಿದ್ದು ಕೊಲಂಬೊದ ಜನ. ಚೀನಾದ ಸಾಲ ಬೇಡವಾದರೆ ಅದಕ್ಕೆ ಮದ್ದು ಬುದ್ಧಿಮಾತಲ್ಲ, ಹೊತ್ತಿಗೆ ಸರಿಯಾಗಿ ಮುಗಿಯುವ ನಮ್ಮ ಯೋಜನೆಗಳು. ನೇಪಾಳದ ಮಹಾಕಾಳಿ ನದಿಯ ಪಂಚೇಶ್ವರ ಅಣೆಕಟ್ಟಿಗೆ 1996ರಲ್ಲಿ ಸಹಿಯಾದ ಒಪ್ಪಂದ ಇನ್ನೂ ಕಾಗದದಲ್ಲೇ ಇದೆ.

ಇಷ್ಟು ಮಾಡಿದ್ದೇವೆ, ನಿಷ್ಠೆ ಬೇಡವೇ ಎಂಬ ಮಾತನ್ನು ನಮ್ಮ ಇತಿಹಾಸದ ಮುಂದೆ ಇಟ್ಟು ನೋಡಬೇಕು. ಇಲ್ಲಿ ಇಬ್ಬರು ಕರ್ನಾಟಕದವರ ನೆನಪು ಮಾಡಿಕೊಳ್ಳುವುದು ಅಗತ್ಯ. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಶುರುವಾದಾಗ ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ ಅಧ್ಯಕ್ಷಪೀಠದಲ್ಲಿದ್ದವರು ದಕ್ಷಿಣ ಕನ್ನಡದ ಬೆನಗಲ್ ನರಸಿಂಗ ರಾವ್. ಉತ್ತರ ಕೊರಿಯಾದ ದಾಳಿಯನ್ನು ಖಂಡಿಸುವ ಗೊತ್ತುವಳಿಗೆ ಭಾರತ ಮತ ಕೊಟ್ಟಿತು. ಆದರೆ ಯುದ್ಧಕ್ಕೆ ಸೈನ್ಯ ಕೊಡಲಿಲ್ಲ. ವೈದ್ಯಕೀಯ ತುಕಡಿ ಕಳಿಸಿತು. 1951ರ ಫೆಬ್ರವರಿಯಲ್ಲಿ ಚೀನಾವನ್ನು ಆಕ್ರಮಣಕಾರ ಎಂದು ಸಾರುವ ಅಮೆರಿಕದ ಗೊತ್ತುವಳಿಯ ವಿರುದ್ಧ ಮತ ಹಾಕಿತು. ಆ ಹೊತ್ತಿನಲ್ಲೇ ಬರದಿಂದ ಕಂಗೆಟ್ಟ ಭಾರತ 20 ಲಕ್ಷ ಟನ್ ಧಾನ್ಯಕ್ಕಾಗಿ ಅಮೆರಿಕದ ಮುಂದೆ ಅರ್ಜಿ ಹಾಕಿಕೊಂಡಿತ್ತು. ನಮ್ಮ ಅನ್ನ ಉಂಡು ನಮ್ಮ ಶತ್ರುವಿನ ಪರ ನಿಲ್ಲುತ್ತೀರಾ ಎಂಬ ಧಾಟಿಯಲ್ಲಿ ಅಲ್ಲಿನ ಸಂಸತ್ತಿನ ಹಲವರು ಸಿಟ್ಟಾದರು, ಮಸೂದೆ ತಿಂಗಳುಗಟ್ಟಲೆ ತೆವಳಿತು, ಟ್ರೂಮನ್ ಸಹಿ ಬಿದ್ದದ್ದು ಜೂನ್ 15ರಂದು. ಭಾರತ ತನ್ನ ನಿಲುವು ಬದಲಿಸಲಿಲ್ಲ. ಆ ನಿಲುವಿನಿಂದಲೇ 1953ರಲ್ಲಿ ಎರಡೂ ಬಣಗಳು ಯುದ್ಧಕೈದಿಗಳ ಜವಾಬ್ದಾರಿಯನ್ನು ಭಾರತಕ್ಕೆ ಒಪ್ಪಿಸಿದವು, ಕೊಡಗಿನ ಜನರಲ್ ಕೆ.ಎಸ್. ತಿಮ್ಮಯ್ಯ ತಟಸ್ಥ ರಾಷ್ಟ್ರಗಳ ಆಯೋಗದ ಅಧ್ಯಕ್ಷರಾದರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಭಾರತದ ಸೈನಿಕರು ತನ್ನ ನೆಲಕ್ಕೆ ಕಾಲಿಡಕೂಡದು ಎಂದು ಹಟ ಹಿಡಿದದ್ದರಿಂದ, ಅವರನ್ನು ಇಂಚಾನ್‌ನಲ್ಲಿ ಹಡಗಿನಿಂದಲೇ ಹೆಲಿಕಾಪ್ಟರಿಗೆ ಹತ್ತಿಸಿ ಸೇನಾರಹಿತ ವಲಯಕ್ಕೆ ಸಾಗಿಸಬೇಕಾಯಿತು. 22,000ಕ್ಕೂ ಹೆಚ್ಚು ಕೈದಿಗಳನ್ನು ಆ ಪರಿಸ್ಥಿತಿಯಲ್ಲಿ ಕಾದ ತಿಮ್ಮಯ್ಯನವರನ್ನು ಎರಡೂ ಕಡೆಯವರು ಬೈದರು. ಅವರ ಕೆಲಸ ನಮಗೆ ಇಂದಿಗೂ ಹೆಮ್ಮೆ.

1966ರಲ್ಲಿ ಇದೇ ನಾಟಕ ಇನ್ನೂ ಕಠೋರವಾಗಿ ಮರುಕಳಿಸಿತು. ಸತತ ಎರಡು ವರ್ಷ ಮಳೆ ಕೈಕೊಟ್ಟು ದೇಶ ಅಮೆರಿಕದ ಪಿಎಲ್-480 ಗೋಧಿಯನ್ನು ಕಾಯುತ್ತಿತ್ತು. ವಿಯೆಟ್ನಾಂ ಬಗ್ಗೆ ಇಂದಿರಾ ಗಾಂಧಿ ಆಡಿದ ಮಾತು ಅಧ್ಯಕ್ಷ ಜಾನ್ಸನ್‌ಗೆ ಹಿಡಿಸಲಿಲ್ಲ; ಹಡಗುಗಳನ್ನು ಅವರು ತಿಂಗಳ ಲೆಕ್ಕದಲ್ಲಿ, ಹಗ್ಗ ಬಿಗಿಹಿಡಿದು ಬಿಡುತ್ತಿದ್ದರು. ಅನ್ನ ಕೊಟ್ಟವನ ನೆನಪಿಗಿಂತ ಆ ಹಗ್ಗದ ನೆನಪೇ ನಮ್ಮಲ್ಲಿ ಗಟ್ಟಿಯಾಗಿ ಉಳಿಯಿತು, ಹಸಿರು ಕ್ರಾಂತಿಯ ಹಟಕ್ಕೆ ಅದೂ ಒಂದು ಕಾರಣ. 1971ರಲ್ಲಿ ಸೋವಿಯತ್ ಒಕ್ಕೂಟ ಭದ್ರತಾ ಮಂಡಳಿಯಲ್ಲಿ ವೀಟೋ ಚಲಾಯಿಸಿ ನಮ್ಮ ಬೆನ್ನಿಗೆ ನಿಂತಿತು; ಆದರೂ ಬ್ರೆಜ್ನೇವ್ ಮುಂದಿಟ್ಟ ಏಷ್ಯಾ ಭದ್ರತಾ ಕೂಟಕ್ಕೆ ಭಾರತ ಸೇರಲಿಲ್ಲ. ಉಪಕಾರವನ್ನು ನೆನೆಯುವುದು ಬೇರೆ, ಉಪಕಾರಕ್ಕೆ ಪ್ರತಿಯಾಗಿ ಸ್ವಂತ ವಿವೇಚನೆಯನ್ನು ಒತ್ತೆ ಇಡುವುದು ಬೇರೆ ಎಂದು ಜಗತ್ತಿಗೆ ತೋರಿಸಿಕೊಟ್ಟವರು ನಾವೇ. 2015ರ ಚಳಿಗಾಲ ನೇಪಾಳಿಗಳಿಗೆ ಏನಾಗಿ ಉಳಿದಿದೆ ಎಂಬುದನ್ನು 1966ರ ನಮ್ಮ ಹಿರಿಯರು ಬೇಗ ಅರ್ಥ ಮಾಡಿಕೊಳ್ಳುತ್ತಿದ್ದರು.

ಇನ್ನೂ ಹಿಂದಕ್ಕೆ ಹೋದರೆ, ಗ್ರಾಂಟ್ ರೋಡಿನ ಪಕ್ಕದಲ್ಲೇ ಇರುವ ಗೋವಾಲಿಯಾ ಟ್ಯಾಂಕ್, ಈಗಿನ ಆಗಸ್ಟ್ ಕ್ರಾಂತಿ ಮೈದಾನ. 1942ರ ಆಗಸ್ಟ್ 8ರ ರಾತ್ರಿ ಅಲ್ಲಿ ಅಂಗೀಕಾರವಾದ ‘ಭಾರತ ಬಿಟ್ಟು ತೊಲಗಿ’ ಗೊತ್ತುವಳಿಯ ಘೋಷಣೆ ನಮಗೆಲ್ಲ ಗೊತ್ತು. ಅದರೊಳಗಿನ ರಾಜತಾಂತ್ರಿಕ ಎಚ್ಚರ ಅಷ್ಟಾಗಿ ಗೊತ್ತಿಲ್ಲ. ಜಪಾನ್ ಬರ್ಮಾವನ್ನು ನುಂಗಿ ಗಡಿಯಲ್ಲಿ ನಿಂತಿತ್ತು. ಬ್ರಿಟಿಷರು ಹೋಗಬೇಕು, ಆದರೆ ಚೀನಾಕ್ಕಾಗಲಿ ಮಿತ್ರರಾಷ್ಟ್ರಗಳ ಯುದ್ಧಕ್ಕಾಗಲಿ ಅಡ್ಡಿಯಾಗಬಾರದು, ಸ್ವತಂತ್ರ ಭಾರತ ಆಕ್ರಮಣಕಾರರನ್ನು ತಾನೇ ಎದುರಿಸುತ್ತದೆ ಎಂಬುದು ಕಾಂಗ್ರೆಸ್ಸಿನ ನಿಲುವು. ಗಾಂಧೀಜಿ ಅದಕ್ಕೆ ಮೊದಲೇ ಚಿಯಾಂಗ್ ಕೈ ಶೇಕ್‌ಗೂ ರೂಸ್‌ವೆಲ್ಟ್‌ಗೂ ಪತ್ರ ಬರೆದು, ಮಿತ್ರಪಡೆಗಳು ಭಾರತದಲ್ಲಿ ಉಳಿಯುವುದಕ್ಕೆ ತಮ್ಮ ಅಡ್ಡಿಯಿಲ್ಲ ಎಂದಿದ್ದರು. ಇನ್ನೂ ಸ್ವತಂತ್ರವೇ ಆಗದ ದೇಶವೊಂದು ಬ್ರಿಟನ್, ಅಮೆರಿಕ, ಚೀನಾ, ಜಪಾನ್‌ಗಳ ನಡುವೆ ತನ್ನ ದಾರಿ ಹುಡುಕುತ್ತಿತ್ತು. ಲಂಡನ್ನಿನಲ್ಲಿ ಅದನ್ನು ಬೆನ್ನಿಗೆ ಚೂರಿ ಹಾಕುವ ಕೆಲಸ ಎಂದರು. ನಾವು ಅದನ್ನು ಸ್ವಾತಂತ್ರ್ಯ ಹೋರಾಟ ಎನ್ನುತ್ತೇವೆ.

ಭಾರತ ದೊಡ್ಡ ದೇಶ, ಅದು ಎಲ್ಲರೊಂದಿಗೂ ವ್ಯವಹರಿಸಬಲ್ಲದು. ಸಣ್ಣ ದೇಶಗಳಿಗೆ ಆ ತ್ರಾಣವಿಲ್ಲ, ಅವು ಯಾರದಾದರೂ ನೆರಳಿಗೆ ಹೋಗಲೇಬೇಕು ಎನ್ನುವವರಿಗೆ 2022ರ ಮಾರ್ಚ್ 2ರ ಒಂದು ಮತದಾನ ಉತ್ತರ ಕೊಡುತ್ತದೆ. ಉಕ್ರೇನ್ ಮೇಲಿನ ದಾಳಿಯನ್ನು ಖಂಡಿಸುವ ಗೊತ್ತುವಳಿ ವಿಶ್ವಸಂಸ್ಥೆಯ ಮಹಾಸಭೆಗೆ ಬಂದಾಗ ಭಾರತ ಮತ ಹಾಕದೆ ಉಳಿಯಿತು, ಚೀನಾ ಕೂಡ. ನೇಪಾಳ, ಭೂತಾನ್, ಮಾಲ್ದೀವ್ಸ್ ಗೊತ್ತುವಳಿಯ ಪರ ಮತ ಹಾಕಿದವು. ದೊಡ್ಡ ನೆರೆಯವನು ಗಡಿ ದಾಟಿ ಬರುವುದನ್ನು ಸಣ್ಣ ದೇಶ ಒಪ್ಪಲಾರದು ಎಂಬುದಷ್ಟೇ ಅವುಗಳ ತರ್ಕ. ದೆಹಲಿಯೂ ಬೀಜಿಂಗೂ ಒಂದೇ ಕಡೆ ಇದ್ದ ದಿನ ಈ ಮೂರು ದೇಶಗಳು ಇನ್ನೊಂದು ಕಡೆ ನಿಂತವು. ಭಾರತಕ್ಕೆ ಅತಿ ಹತ್ತಿರದ ಮಿತ್ರ ಭೂತಾನ್, ಚೀನಾದೊಂದಿಗೆ ಇಂದಿಗೂ ರಾಯಭಾರ ಸಂಬಂಧ ಇಟ್ಟುಕೊಳ್ಳದ ಭೂತಾನ್, ಅವುಗಳಲ್ಲಿ ಒಂದು. 1949ರ ಒಪ್ಪಂದದಂತೆ ವಿದೇಶಾಂಗ ವಿಷಯದಲ್ಲಿ ಭಾರತದ ಸಲಹೆಯಂತೆ ನಡೆಯಬೇಕಿದ್ದ ಆ ದೇಶಕ್ಕೆ 2007ರಲ್ಲಿ ನಾವೇ ಆ ಕಟ್ಟನ್ನು ಸಡಿಲಿಸಿದೆವು. ಸ್ನೇಹ ಕಡಿಮೆಯಾಗಲಿಲ್ಲ. ಹತ್ತು ವರ್ಷದ ಬಳಿಕ ಡೋಕ್ಲಾಮ್‌ನಲ್ಲಿ ಚೀನಾ ರಸ್ತೆ ಕಡಿಯಲು ಬಂದಾಗ ಭಾರತ ಮತ್ತು ಭೂತಾನ್ ಒಟ್ಟಿಗೇ ನಿಂತವು.

ಈಗ ಮಾಡಬಹುದಾದ ಕೆಲಸಗಳು ಕಣ್ಣ ಮುಂದೆಯೇ ಇವೆ. ಹತ್ತು ವರ್ಷಗಳಲ್ಲಿ 10,000 ಮೆಗಾವಾಟ್ ವಿದ್ಯುತ್ ಕೊಳ್ಳುವುದಾಗಿ ಭಾರತ 2024ರ ಜನವರಿಯಲ್ಲಿ ನೇಪಾಳಕ್ಕೆ ಮಾತು ಕೊಟ್ಟಿತು. ಆದರೆ ಚೀನಾದ ಬಂಡವಾಳ ಅಥವಾ ಚೀನೀ ಗುತ್ತಿಗೆದಾರರು ಸೇರಿದ ಜಲವಿದ್ಯುತ್ ಯೋಜನೆಗಳ ಕರೆಂಟು ನಮಗೆ ಬೇಡ ಎಂಬ ನಿಲುವು ಹಾಗೇ ಇದೆ. ನಮ್ಮ ಉಡುಪಿ ಜಿಲ್ಲೆಯ ಎಲ್ಲೂರಿನ 1,200 ಮೆಗಾವಾಟ್ ಉಷ್ಣ ಸ್ಥಾವರದಲ್ಲಿ ತಿರುಗುತ್ತಿರುವುದು ಚೀನಾದ ಡಾಂಗ್‌ಫಾಂಗ್ ಕಂಪನಿಯ ಟರ್ಬೈನುಗಳು. ಆ ಕರೆಂಟು ಕರ್ನಾಟಕದ ಮನೆಗಳನ್ನು ಬೆಳಗಬಹುದಾದರೆ, ಚೀನೀ ಗುತ್ತಿಗೆದಾರ ಕಾಂಕ್ರೀಟ್ ಹಾಕಿದ ಒಂದೇ ಕಾರಣಕ್ಕೆ ನೇಪಾಳದ ನದಿಯ ಕರೆಂಟನ್ನು ತಿರಸ್ಕರಿಸುವುದು ಸರಿಯಲ್ಲ. ಆ ಷರತ್ತನ್ನು ಕೈಬಿಡಬೇಕು.

ಅದಕ್ಕಿಂತ ಸುಲಭದ ಕೆಲಸ ಇನ್ನೊಂದಿದೆ. 1950ರ ಶಾಂತಿ ಮತ್ತು ಸ್ನೇಹ ಒಪ್ಪಂದವನ್ನೂ ಸೇರಿಸಿ ಎರಡು ದೇಶಗಳ ಸಂಬಂಧವನ್ನೆಲ್ಲ ಪರಿಶೀಲಿಸಲು ಭಾರತ ಮತ್ತು ನೇಪಾಳ 2016ರಲ್ಲಿ ತಲಾ ನಾಲ್ವರು ಗಣ್ಯರ ಸಮಿತಿ ರಚಿಸಿದ್ದವು. ಮುಂಬಯಿಯ ಸೊಸೈಟಿಗಳ ಗೇಟು ಕಾಯುವ, ಉಡುಪಿ ಹೋಟೆಲುಗಳ ಅಡುಗೆಮನೆಯಲ್ಲಿ ದುಡಿಯುವ ನೇಪಾಳಿಗಳು ಇಲ್ಲಿ ಪರವಾನಗಿಯಿಲ್ಲದೆ ಬಾಳಲು ಸಾಧ್ಯವಾಗಿರುವುದು ಅದೇ ಒಪ್ಪಂದದಿಂದ. ಭಾರತದ ತಂಡದ ಮುಖ್ಯಸ್ಥರು, ಮುಂದೆ ಮಹಾರಾಷ್ಟ್ರದ ರಾಜ್ಯಪಾಲರಾಗಿ ಮಲಬಾರ್ ಹಿಲ್‌ನ ರಾಜಭವನಕ್ಕೆ ಬಂದ ಭಗತ್ ಸಿಂಗ್ ಕೋಶಿಯಾರಿ. ಎಂಟೂ ಜನ ಒಮ್ಮತದಿಂದ ಬರೆದ ವರದಿ 2018ರ ಜುಲೈನಲ್ಲೇ ಸಿದ್ಧವಾಯಿತು. ಆದರೆ ದೆಹಲಿ ಅದನ್ನು ಸ್ವೀಕರಿಸಲು ಸಮಯ ಕೊಡಲಿಲ್ಲ. ಅದರಲ್ಲಿರುವುದನ್ನೆಲ್ಲ ಒಪ್ಪಬೇಕೆಂದು ಯಾರೂ ಕೇಳುತ್ತಿಲ್ಲ. ಮೊದಲು ಅದನ್ನು ಕೈಗೆ ತೆಗೆದುಕೊಳ್ಳಲಿ, ಓದಲಿ, ಆಮೇಲೆ ನೇಪಾಳದವರೊಂದಿಗೆ ಎದುರುಬದುರು ಕುಳಿತು ಮಾತಾಡಲಿ.